ಗಾಳಿಗೆ ಹಾಕಿದ, ಲಕ್ಷ್ಮಿಗೆ ತೆಗೆದ ಬಾಗಿಲು

ಒಂದಾನೊಂದು ಕಾಲದಲ್ಲಿ, ಗಾಳಿಗೆ ಒಂಚೂರೂ ಮಾನ ಮರ್ಯಾದೆ ಇಲ್ಲದ ಒಂದು ಕಡಲೂರಲ್ಲಿ, ಕಾಳಕ್ಕ ಅಂತ ಒಬ್ಬ ಮುದುಕಿ ಇದ್ಲಂತೆ ಮಗಾ. ದೋಣಿ ಕಟ್ಟೋ ಆಚಾರಿ ಮನೆತನ. ಗಂಡ ತೀರಿಕೊಂಡಿದ್ದ, ಮಗ ಬ್ರಮ್ಮಯ್ಯ ಹಡಗಿನ ಮರಗೆಲಸಕ್ಕೆ ಅಂತ ಕಡಲ ಮೇಲೆ ಹೋಗಿದ್ದ, ಮನೇಲಿ ಹೊಸ ಸೊಸೆ ಪದ್ದಿ. ಅವರ ಮನೆ ಇದ್ದದ್ದು ಹೊಳೆ ಕಡಲಿಗೆ ಸೇರೋ ಕಡೆ, ದಿಬ್ಬದ ತುದೀಲಿ. ಕತ್ತಲಾಗೋ ಹೊತ್ತಿಗೆ ಬರೋ ದೋಣಿಯೋರೆಲ್ಲ ಆ ಬಾಗಿಲ ದೀಪ ನೋಡ್ಕೊಂಡೇ ಬಂಡೆ ತಪ್ಪಿಸಿ ಒಳಗೆ ಬರ್ತಿದ್ರಂತೆ.

ಕಾಳಕ್ಕನ ಹಟ ಏನು ಅಂದ್ರೆ, ಮುಸ್ಸಂಜೇಲಿ ಲಕ್ಷ್ಮಿ ಬರೋ ಹೊತ್ತು, ಮುಂಬಾಗಿಲು ಹಾಕಲೇಬಾರದು. ತೆಗೆದಿಟ್ರೆ ಗಾಳಿ ನುಗ್ಗಿ ದೀಪ ಆರತ್ತೆ. ಹಾಕಿದ್ರೆ ಲಕ್ಷ್ಮಿಯೂ ಇಲ್ಲ, ದೋಣಿಯೋರಿಗೆ ದೀಪವೂ ಇಲ್ಲ. ಮಳೆಗಾಲ ಹತ್ರ ಬಂತು, ಬ್ರಮ್ಮಯ್ಯ ಬರೋ ಕಾಲವೂ ಹತ್ರ ಬಂತು, ದೀಪ ಮಾತ್ರ ದಿನಾ ಆರ್ತಾನೇ ಇತ್ತು. ಆಮೇಲೆ ಒಂದಿನ ಮುದುಕಿ, ನೀನು ಈ ಮನೆಗೆ ಕಾಲಿಟ್ಟ ಮೇಲೇ ಕಣೇ ಹಿಂಗಾಗಿದ್ದು, ನನ್ನ ಮಗ ಬಂಡೆಗೆ ಬಡಿದ್ರೆ ನಿನಗೆ ತವರೇ ಗತಿ, ಅಂದುಬಿಟ್ಲಂತೆ.

ಪದ್ದಿಯೂ ಆಚಾರಿ ಮಗಳೇ ತಾನೆ. ಅಳಲಿಲ್ಲ, ಅಟ್ಟ ಹತ್ತಿದ್ಲು, ಗಾಳಿ ತಡೆದು ಬೆಳಕು ಬಿಡೋ ಗಾಜಿನ ಬಾಗಿಲು ಮಾಡೋಕೆ ಸತ್ತ ಮಾವನ ಉಳಿ ಕೊಡತಿ ಕೆಳಗಿಳಿಸಿದ್ಲು. ಹೆಂಗಸು ಉಳಿ ಮುಟ್ಟೋದು ಅಂದ್ರೇನು! ಪಕ್ಕದ ಮನೆ ದುಗ್ಗಕ್ಕಂಗೆ ಅವತ್ತು ಅನ್ನ ಬೇಡವಾಯ್ತಂತೆ, ಸುದ್ದಿಯಿಂದಲೇ ಅಷ್ಟು ಹೊಟ್ಟೆ ತುಂಬಿತ್ತು. ಹಲಸಿನ ಮರದ ಚೌಕಟ್ಟಂತೆ, ಅದಕ್ಕೆ ಗಾಜಂತೆ, ನಾಳೆ ಅವರ ಮನೆ ಸಾರಿಗೆ ಉಪ್ಪಿದೆಯೋ ಇಲ್ವೋ ದಾರೀಲೇ ಕಾಣತ್ತೆ, ಅಂತ ಮನೆ ಮನೆಗೆ ಹೇಳಿ ಬಂದ್ಲು. ಗಾಜು ತಂದವನು ಬಳೆಗಾರ ಮಲ್ಲಾರಿ. ಅವನ ಬಳೆ ಪೆಟ್ಟಿಗೆ ಮುರಿದಿತ್ತು, ಪದ್ದಿ ಹೊಸದು ಮಾಡಿಕೊಟ್ಲು, ಅವನು ಹುಲ್ಲಲ್ಲಿ ಸುತ್ತಿ ಗಾಜಿನ ಹಲಗೆ ತಂದುಕೊಟ್ಟ. ದುಗ್ಗಕ್ಕನ ಬಾಯಲ್ಲಿ ಅದು ಏನಾಯ್ತು ಗೊತ್ತಾ? ಬಳೆಗಾರ ಒಳಗೆ ಹೋದ, ಹೊರಗೆ ಬಂದ, ಇವಳ ಕೈಲಿ ಹಳೇ ಬಳೆನೇ, ಹಂಗಾದ್ರೆ ಒಳಗೇನು ವ್ಯಾಪಾರ? ಅಯ್ಯೋ, ಮಲ್ಲಾರಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ, ಅಂಥವನ ಮೇಲೆ ಸುದ್ದಿ!

ಮೊದಲನೇ ಸಲ ಪದ್ದಿ ಗಾಜಿನ ಸುತ್ತ ಪಟ್ಟಿ ಇಟ್ಟು ಮೊಳೆ ಜಡಿದ್ಲಂತೆ. ಗಾಳಿ ಒಂದು ಗುದ್ದು ಕೊಡ್ತು, ಚಟಾರ್!

ಎರಡನೇ ಸಲ ಮರಕ್ಕೆ ಗಾಡಿ, ಅಂದ್ರೆ ಉದ್ದಕ್ಕೆ ಸಣ್ಣ ಕಾಲುವೆ ಹಂಗೆ, ತೋಡಿ, ಗಾಜು ಅದರೊಳಗೇ ಸರಿಯೋ ಹಂಗೆ ಕೂರಿಸಿದ್ಲು, ಗಾಳಿ ನುಸುಳಬಾರದು ಅಂತ ಬಿಗಿಯಾಗಿ. ಮಳೆ ಬಿತ್ತು, ಮರ ಉಬ್ಬಿತು, ಗಾಜು ಹಲ್ಲು ಕಚ್ಚಿ ನಿಂತ್ಕೊಂಡ್ತು. ಲಕ್ಷ್ಮಿ ಬರೋ ಹೊತ್ತಾಯ್ತು ಅಂತ ಕಾಳಕ್ಕ ತಾನೇ ದಬ್ಬಿದ್ಲು, ಅದೂ ಒಡೀತು. ಗಾಜು ಒಡೆದ ಮನೆ ಉದ್ಧಾರ ಆಗಲ್ಲ, ಬಟ್ಟೆ ಗಂಟು ಕಟ್ಟು, ಅಂದ್ಲು ಅತ್ತೆ. ಇನ್ನೊಂದೇ ಒಂದು ಸಲ ಅತ್ತೆ, ನಿಮ್ಮ ದಮ್ಮಯ್ಯ, ಅಂದ್ಲು ಸೊಸೆ.

ಆಮೇಲೆ ಮಲ್ಲಾರಿ ಮತ್ತೆ ಗಾಜು ತಂದಾಗ, ಒಳಗೇನು ನಡೀತದೆ ನೋಡೋಣ ಅಂತ ದುಗ್ಗಕ್ಕ ಬಳೆ ನೆಪ ತಗೊಂಡು ಬಂದು ಜಗಲಿ ಮೇಲೆ ಕೂತ್ಲಂತೆ. ಅವಳ ಕೈಯೋ, ಒಳ್ಳೇ ಸುವರ್ಣಗೆಡ್ಡೆ. ನಂಗೆ ಸಣ್ಣದೇ ಸಾಕು ಕಣೋ, ಅಂತ ವಯ್ಯಾರ ಬೇರೆ. ಹಾಕಿದ ಬಳೆ ಪಟಪಟ ಒಡೀತು. ಮಲ್ಲಾರಿ ನಕ್ಕು, ಅವ್ವಾ, ಬಿಗಿಯಾದ್ರೆ ಒಡೆಯತ್ತೆ, ಸಡಿಲಾದ್ರೆ ಉದುರತ್ತೆ, ಬಳೆ ಕೈಮೇಲೆ ಆಡೋ ಹಂಗಿರಬೇಕು, ಅಂತ ಎಣ್ಣೆ ಸವರಿ ದೊಡ್ಡ ಬಳೆ ಜಾರಿಸಿದ. ಬಾಗಿಲಲ್ಲಿ ನಿಂತಿದ್ದ ಪದ್ದಿ ಅದನ್ನೇ ನೋಡ್ತಾ ನೋಡ್ತಾ ಒಳಗೆ ಓಡಿದ್ಲಂತೆ.

ಗಾಡಿ ಅಗಲ ಮಾಡಿದ್ಲು, ಮರ ಉಬ್ಬಿದ್ರೂ ಜಾಗ ಇರ್ಲಿ ಅಂತ. ಗಾಜು ಗಡಗಡ ಅನ್ನದ ಹಂಗೆ ಒಳಗೆ ಹಳೇ ಕಂಬಳಿ ಚೂರು ಒತ್ತಿದ್ಲು, ಅದರ ಮೇಲೆ ಜೇನುಮೇಣ ಉಜ್ಜಿದ್ಲು. ಒಂದರ ಹಿಂದೆ ಒಂದು ಸರಿಯೋ ಎರಡು ಗಾಜು.

ಅವತ್ತೇ ಸಂಜೆ ಬಂತು ನೋಡು ಬಿರುಗಾಳಿ! ತೆಂಗಿನ ಮರ ನೆಲಕ್ಕೆ ಕೈ ಮುಗೀತಿತ್ತು, ಊರಲ್ಲಿದ್ದ ದೀಪ ಎಲ್ಲಾ ಆರಿಹೋಯ್ತು. ದುಗ್ಗಕ್ಕನ ಮನೆ ಹೆಂಚು ಹಾರಿ, ಅವಳೂ ತಲೆ ಮೇಲೆ ಗೋಣಿ ಹಾಕ್ಕೊಂಡು ಇಲ್ಲಿಗೇ ಓಡಿಬಂದ್ಲು. ಗಾಜು ತುಸು ಆಡಿತು, ಒಡೀಲಿಲ್ಲ. ದೀಪ ನೆಟ್ಟಗೆ ಉರೀತು. ಆದ್ರೂ ಕಾಳಕ್ಕ, ಲಕ್ಷ್ಮಿ ಎಲ್ಲಿಂದ ಬರಬೇಕೇ, ಗಾಜು ತೂರಿಕೊಂಡಾ? ಅಂದ್ಲಂತೆ. ಪದ್ದಿ ಗಾಳಿಗೆ ಬೆನ್ನು ಕೊಟ್ಟ ಕಡೆ ಗಾಜನ್ನು ಒಂದು ಗೇಣು ಸರಿಸಿದ್ಲು. ಜರ್ರ್ ಅಂತ ಬೆಣ್ಣೆ ಹಂಗೆ ಸರೀತು. ದೀಪ ಒಮ್ಮೆ ತಲೆ ಬಗ್ಗಿಸಿ ಮತ್ತೆ ಎದ್ದು ನಿಂತ್ಕೊಂಡ್ತು.

ಮೂವರೂ ಉಸಿರು ಹಿಡಿದು ಕಡಲ ಕಡೆ ನೋಡ್ತಾ ಕೂತ್ರು. ಅಷ್ಟರಲ್ಲಿ ಗಾಜಿನಾಚೆ ಒಂದು ಮುಖ, ತಲೆಯಿಂದ ನೀರು ಸೋರ್ತಾ! ಅಯ್ಯಯ್ಯೋ ದೆವ್ವ, ಅಂತ ದುಗ್ಗಕ್ಕ ಕಾಳಕ್ಕನ ಸೆರಗೊಳಗೆ ಹೊಕ್ಲು. ದೆವ್ವ ಅಲ್ಲ, ಬ್ರಮ್ಮಯ್ಯ. ಅವ್ವಾ, ದಡದಲ್ಲೆಲ್ಲಾ ಕತ್ತಲು, ಇದೊಂದೇ ದೀಪ ಕಂಡಿದ್ದು, ಇಲ್ದಿದ್ರೆ ಬಂಡೆಗೇ ಹೋಗ್ತಿದ್ವಿ, ಅಂದನಂತೆ. ಕಾಳಕ್ಕ ಮಗನ ತಲೆ ಒರೆಸಿದ್ಲು, ಆಮೇಲೆ ಸೊಸೆ ಕಡೆ ತಿರುಗಿ, ಮಾವನ ಉಳಿ ಪೆಟ್ಟಿಗೆ ಇನ್ನು ಅಟ್ಟಕ್ಕೆ ಹಾಕಬೇಡ ಕಣೇ, ಕೈಗೆ ಸಿಗೋ ಹಂಗೆ ಕೆಳಗೇ ಇರ್ಲಿ, ಅಂದ್ಲಂತೆ. ಅಂಥ ಬಾಯಲ್ಲಿ ಅಷ್ಟು ಬಂದಿದ್ದೇ ದೊಡ್ಡದು.

ಬೆಳಗಾದ್ರೆ ಮೊದಲು ಅಂಥದೇ ಬಾಗಿಲು ಬೇಕು ಅಂದವಳು ಯಾರು ಹೇಳು? ದುಗ್ಗಕ್ಕನೇ! ದೀಪಕ್ಕಲ್ಲ ಮತ್ತೆ, ಮಳೇಲಿ ನೆನೀದೇ ಯಾರ ಮನೆಗೆ ಯಾರು ಹೋದ್ರು ನೋಡೋಕೆ. ಪದ್ದಿ ನಗ್ತಾ ಮಾಡಿಕೊಟ್ಲಂತೆ, ಆಮೇಲೆ ಊರಿಗೆಲ್ಲಾ ಮಾಡಿಕೊಟ್ಲಂತೆ.

ಅಲ್ಲಿಗೆ ಕತೆ ಮುಗೀತು ಮಗಾ. ಇನ್ನು ನಿನ್ನ ಕಣ್ಣಿನ ಬಾಗಿಲು ಎಳ್ಕೋ. ಪೂರ್ತಿ ಬಿಗೀಬೇಡ, ಒಂಚೂರು ಸಂದು ಬಿಡು, ಕನಸು ಒಳಗೆ ಬರಬೇಕಲ್ಲ.