ಬಾರದ ಕೆಂಡ

ಕಾರಾಕುಮ್ ಮರಳುಗಾಡಿನ ಅಂಚಿನಲ್ಲಿ ಕುರಿ ಮೇಯಿಸುತ್ತ ಅಲೆಯುವ ತುರ್ಕಮನ್ ಕುಲವೊಂದಕ್ಕೆ ಸೂಫಿ ಸಂತರಾದ ಸೊಯುನ್ ಇಶಾನರು ಗುರುಗಳಾಗಿದ್ದರು. ಪೂಜ್ಯರಿಗೆ ಮಠವೂ ಇರಲಿಲ್ಲ, ಗುಮ್ಮಟವೂ ಇರಲಿಲ್ಲ. ಶಿಷ್ಯರಂತೆಯೇ ಅವರದೂ ಒಂದು ಕಂಬಳಿ ಗುಡಾರ. ಅದೂ ನಾಲ್ಕು ಕಡೆ ತೇಪೆ ಹಾಕಿದ್ದು.

ಆ ಕುಲದಲ್ಲೊಂದು ಪದ್ಧತಿ ನಡೆದುಬಂದಿತ್ತು. ಹೊಸ ಹುಲ್ಲುಗಾವಲಿಗೆ ಹೊರಡುವ ಮುನ್ನ ಪ್ರತಿ ಗುಡಾರದವರೂ ತಮ್ಮ ಒಲೆಯಿಂದ ಒಂದು ಕೆಂಡ ತಂದು ಗುರುಗಳ ಒಲೆಗೆ ಹಾಕಬೇಕು. ಎಲ್ಲ ಮನೆಯ ಬೆಂಕಿ ಕೂಡಿದ ಮೇಲೆ ಪೂಜ್ಯರು ಪ್ರಾರ್ಥಿಸಿ ಏಳುವರು. ಅವರ ಗುಡಾರ ಇಳಿದ ಮೇಲೆಯೇ ಮಿಕ್ಕವರ ಒಂಟೆಗಳು ಹೆಜ್ಜೆ ಎತ್ತಬೇಕು.

ಆ ವಸಂತದಲ್ಲಿ ಕೆಂಡಗಳೆಲ್ಲ ಬಂದವು, ಪೂಜ್ಯರು ಮಾತ್ರ ಏಳಲಿಲ್ಲ. ಕುಲದ ಯಜಮಾನ ತಾಗನ್ ಬಂದು ಕಾರಣ ಕೇಳಿದ್ದಕ್ಕೆ, "ಒಂದು ಕೆಂಡ ಇನ್ನೂ ಬಂದಿಲ್ಲ" ಎಂದಷ್ಟೇ ನುಡಿದು ಕಣ್ಣು ಮುಚ್ಚಿ ಕೂತರು.

ತಾಗನ್ ಒಂದೊಂದು ಗುಡಾರಕ್ಕೂ ಹೋಗಿ ವಿಚಾರಿಸಿದ. ಎಲ್ಲರೂ ಕೊಟ್ಟವರೇ. ಎರಡು ದಿನ ಕಳೆಯಿತು. ಸುತ್ತಲ ಹುಲ್ಲು ಬೇರಿನವರೆಗೂ ಸವೆದಿತ್ತು. ಕಟ್ಟಿದ ಗಂಟುಮೂಟೆಗಳ ಮೇಲೆ ಹೆಂಗಸರು ಸುಮ್ಮನೆ ಕೂತಿದ್ದರು, ಹಸಿದ ಮರಿಗಳ ಅರಚಾಟ ನಿಲ್ಲುತ್ತಲೇ ಇರಲಿಲ್ಲ. ಉತ್ತರದ ಹುಲ್ಲುಗಾವಲಿಗೆ ಬೇರೆ ಕುಲದವರು ಮೊದಲು ತಲುಪಿದರೆ ಮಂದೆಯ ಗತಿಯೇನು? ತಾಗನನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಪೂಜ್ಯರಿಗೆ ಅರಳುಮರಳಾಗಿದೆ ಎಂದು ಗೊಣಗಿದ. ಹಾಗೆ ಅಂದದ್ದಕ್ಕೆ ತಾನೇ ಬೆದರಿದ.

ಮೂರನೆಯ ಬೆಳಿಗ್ಗೆ ತಡೆಯಲಾರದೆ ಬಂದು, ಯಾರೂ ಮಾಡಬಾರದ ಕೆಲಸ ಮಾಡಿದ. ಗುರುಗಳ ಗುಡಾರದ ಹಗ್ಗಕ್ಕೇ ಕೈ ಹಾಕಿದ.

"ಇಪ್ಪತ್ತಮೂರು ಗುಡಾರ, ಇಪ್ಪತ್ತಮೂರು ಕೆಂಡ. ಇನ್ಯಾರದು ಬರಬೇಕು, ಪೀರರೇ? ಹೆಸರು ಹೇಳಿ."

ಪೂಜ್ಯರು ಸಿಟ್ಟಾಗಲಿಲ್ಲ. "ಹೆಸರು ನಿನಗೆ ಗೊತ್ತು, ಮಗಾ" ಎಂದರು.

ತಾಗನನ ಕೈ ಹಗ್ಗದ ಮೇಲೆಯೇ ನಿಂತಿತು. ಗೊತ್ತಿಲ್ಲದೆ ಏನು! ಬಾವಿಯ ಸರದಿಗಾಗಿ ಜಗಳವಾಡಿ ಒಡಹುಟ್ಟಿದ ತಮ್ಮ ಮೆರೆದನನ್ನು ಕುಲದಿಂದ ಹೊರಗೆ ಹಾಕಿದವನು ಅವನೇ. ಮೆರೆದ್ ಹೆಂಡತಿ, ಕೂಸಿನೊಂದಿಗೆ ದಿಬ್ಬದಾಚೆ ಬೇರೆಯಾಗಿ ಗುಡಾರ ಹೂಡಿದ್ದ. ಅವನಿಗಿದ್ದ ಒಂದೇ ಒಂಟೆ ಚಳಿಗೆ ಸತ್ತ ಸುದ್ದಿಯೂ ತಾಗನನ ಕಿವಿಗೆ ಬಿದ್ದಿತ್ತು. ಒಂಟೆಯಿಲ್ಲದವನು ಬೇಸಗೆಗೆ ಆ ಮರಳಿನಲ್ಲಿ ಉಳಿದರೆ ಬದುಕುವುದಿಲ್ಲವೆಂದು ಮಕ್ಕಳಿಗೂ ಗೊತ್ತು. ಆದರೂ ಗುಡಾರ ಎಣಿಸುವಾಗ ತಾಗನ್ ಅದೊಂದನ್ನು ಬಿಟ್ಟೇ ಎಣಿಸಿದ್ದ.

ಕುದುರೆಯೇರಿ, ಜೊತೆಗೊಂದು ಒಂಟೆಯನ್ನೂ ಎಳೆದುಕೊಂಡು ದಿಬ್ಬ ದಾಟಿದ. ಮೆರೆದ್ ಬಾಗಿಲಲ್ಲೇ ಕೂತಿದ್ದ, ಏಳಲಿಲ್ಲ. ಏನೇನೋ ಹೇಳಬೇಕೆಂದು ಬಂದ ತಾಗನ್ ಒಂದು ಕೆಂಡ ಬೇಕೆಂದಷ್ಟೇ ಕೇಳಿದ.

"ಕರೆಯುತ್ತೀಯೆಂದು ದಿನಾ ಕಾದೆ, ಅಣ್ಣಾ. ಉರುವಲು ನಿನ್ನೆಗೇ ಮುಗಿಯಿತು." ಮೆರೆದ್ ಬೂದಿ ಕೆದಕಿದ. ತಳದಲ್ಲಿ ಉಗುರಿನಷ್ಟು ಕೆಂಡವಿತ್ತು.

ತಾಗನ್ ಪಾತ್ರೆ ತಂದಿರಲಿಲ್ಲ. ಬೊಗಸೆಯಲ್ಲಿ ಬೂದಿ ಹಾಸಿ, ಅದರ ಮೇಲೆ ಕೆಂಡವಿಟ್ಟು, ಆರದಂತೆ ಊದುತ್ತ ನಡೆದೇ ಬಂದ. ಹಿಂದೆ ಮೆರೆದ್ ಹಿಡಿದು ತರುತ್ತಿದ್ದ ಒಂಟೆಯ ಮೇಲೆ ಅವನ ಗುಡಾರವಿತ್ತು, ಕುದುರೆಯ ಮೇಲೆ ತಮ್ಮನ ಹೆಂಡತಿ ಕೂಸನ್ನು ಎತ್ತಿಕೊಂಡು ಕೂತಿದ್ದಳು. ಗುರುಗಳ ಒಲೆಗೆ ಕೆಂಡ ಹಾಕುವಷ್ಟರಲ್ಲಿ ತಾಗನನ ಅಂಗೈ ತುಂಬ ಬೊಬ್ಬೆ ಎದ್ದಿತ್ತು. ಪೂಜ್ಯರು ಆ ಅಂಗೈ ನೋಡಿದರು. ಎದ್ದು ಗುಡಾರದ ಹಗ್ಗವನ್ನು ತಾವೇ ಬಿಚ್ಚತೊಡಗಿದರು.

ಉತ್ತರದ ಹುಲ್ಲುಗಾವಲಿನಲ್ಲಿ ಬೇರೆಯವರು ಆಗಲೇ ಬೀಡುಬಿಟ್ಟಿದ್ದರು. ಆ ವರ್ಷ ಕುಲ ಬಹಳ ಅಲೆಯಿತು, ತಾಗನ್ ಒಂದು ದಿನವೂ ಗೊಣಗಲಿಲ್ಲ. ಮುಂದೆ ಬದುಕಿದ್ದಷ್ಟು ಕಾಲವೂ, ಹೊರಡುವ ದಿನ ಮೆರೆದನ ಕೆಂಡ ಒಲೆಗೆ ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವನು ತನ್ನದನ್ನು ಹಾಕುತ್ತಿದ್ದ.