ಮಗಳಪಾಲು

ಬನ್ನಿಹಾಳದಿಂದ ಪಡುವಣಕ್ಕೆ ಹೋಗುವ ಗಾಡಿದಾರಿಯ ಪಕ್ಕದಲ್ಲಿ ಕೆಮ್ಮಣ್ಣಿನ ಹೊಲವೊಂದಿದೆ. ಕಾಗದದಲ್ಲಿ ಏನೇ ಹೆಸರಿದ್ದರೂ ಊರವರ ಬಾಯಲ್ಲಿ ಅದು ‘ಮಗಳಪಾಲು’. ಹಿಂದೆ ಒಮ್ಮೆ, ಈ ಸೀಮೆಯನ್ನು ನಾಯಕರು ಆಳುತ್ತಿದ್ದ ಕಾಲದಲ್ಲಿ, ಇದು ಬರೀ ಕಲ್ಲುಬೋರೆಯಾಗಿತ್ತಂತೆ. ಮಾರಗೌಡನೂ ಅವನ ಹೆಂಡತಿ ಬೊಪ್ಪವ್ವೆಯೂ ಕಲ್ಲು ಆಯ್ದು, ಬದು ಹಾಕಿ ಅದನ್ನು ಹೊಲ ಮಾಡಿದರು. ಹಸುಗೂಸಾಗಿದ್ದ ಮಗಳು ಚಾಗಿಯನ್ನು ಬದುವಿನ ನೆರಳಲ್ಲಿ ಮಲಗಿಸಿ ಬೊಪ್ಪವ್ವೆ ಕಲ್ಲು ಹೊತ್ತಳು ಎನ್ನುತ್ತಾರೆ.

ಚಾಗಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಮಾರಗೌಡ ಹಾವು ಕಚ್ಚಿ ಸತ್ತ. ಗಂಡುಮಕ್ಕಳಿಲ್ಲದವನ ಆಸ್ತಿ ಅರಮನೆಗೆ ಸೇರಬೇಕೆಂಬುದು ಆಗಿನ ಕಟ್ಟಳೆ. ಸೂತಕ ಕಳೆಯುವ ಮೊದಲೇ ನಾಯಕನ ಆಳುಗಳು ಬಂದು ಎತ್ತು ಬಿಚ್ಚಿಕೊಂಡು ಹೋದರು, ಹೊಲಕ್ಕೆ ಕಾವಲು ಹಾಕಿದರು. ಬೊಪ್ಪವ್ವೆ ಮಗಳ ಕೈಹಿಡಿದು ನಾಯಕನ ಚಾವಡಿಗೆ ನಡೆದಳು. “ಹೆಂಗಸರು ಒಳಗೆ ಬಂದು ಮಾತಾಡುವಂತಿಲ್ಲ. ನಿನ್ನ ಕಡೆಯ ಗಂಡಸನ್ನು ಕಳಿಸು” ಎಂದ ಬಾಗಿಲ ಕಾವಲಿನವನು. “ಗಂಡಸಿದ್ದಿದ್ದರೆ ನಾನು ಯಾಕಪ್ಪ ಬರುತ್ತಿದ್ದೆ?” ಎಂದಳು ಅವಳು. ಒಳಗೆ ಬಿಡಲಿಲ್ಲ, ಅವಳು ಹಿಂದಿರುಗಲೂ ಇಲ್ಲ. ಚಾವಡಿಯೆದುರಿನ ಹುಣಸೆಮರದಡಿ ತಾಯಿ ಮಗಳು ಬಿಸಿಲು ಮಳೆಯೆನ್ನದೆ ಕುಳಿತರು. ಕೊನೆಗೆ ಮಗುವಿಗೆ ಜ್ವರ ಏರಿತು. “ಅವ್ವಾ, ಈ ಸಲ ನಮ್ಮ ಹೊಲ ಯಾರು ಬಿತ್ತುತ್ತಾರೆ?” ಎಂದು ಕೇಳಿತು. “ನಾವೇ ಕಣೇ, ಇನ್ಯಾರು?” ಎಂದಳು ತಾಯಿ. ಆ ಮಾತು ನಂಬಿಕೊಂಡೇ ಕೂಸು ಕಣ್ಣು ಮುಚ್ಚಿತು.

ಬೊಪ್ಪವ್ವೆ ಹೆಣವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಈ ಸಲ ಕಾವಲಿನವನು ತಾನಾಗಿ ಪಕ್ಕಕ್ಕೆ ಸರಿದ. ಏನು ಬೇಕೆಂದು ನಾಯಕ ಕೇಳಿದಾಗ, “ಇವಳ ಪಾಲು” ಎಂದಳು. ಹಿರಿಯನೊಬ್ಬ, “ಸತ್ತವಳಿಗೆ ಎಂಥ ಪಾಲು ತಾಯಿ?” ಎಂದ. “ಬದುಕಿದ್ದಾಗ ಕೇಳಲು ಬಂದೆ, ಬಿಡಲಿಲ್ಲ. ಮಲಗಿಸುವಷ್ಟಾದರೂ ಅವಳಪ್ಪನ ನೆಲ ಕೊಡಿ.” ಗಂಡುಮಕ್ಕಳಿಲ್ಲದವನ ಆಸ್ತಿ ಇನ್ನು ಹೆಂಡತಿಗೆ, ಹೆಣ್ಣುಮಕ್ಕಳಿಗೆ ಸಲ್ಲತಕ್ಕದ್ದೆಂದು ನಾಯಕ ಅಂದೇ ಡಂಗುರ ಸಾರಿಸಿದ. ಸೀಮೆಯ ಎಷ್ಟೋ ಮನೆಗಳಲ್ಲಿ ಅದರಿಂದ ಒಲೆ ಉರಿಯಿತು. ಬೊಪ್ಪವ್ವೆಗೂ ಹೊಲ ಮರಳಿ ಬಂತು. ಮಗಳನ್ನು ಅಲ್ಲಿ ಮಣ್ಣು ಮಾಡಿದವಳು ಮತ್ತೆಂದೂ ಬೀಜದ ಬುಟ್ಟಿ ಹಿಡಿಯಲಿಲ್ಲವಂತೆ. ಗಂಡ ಸತ್ತು ನೆಲೆಯಿಲ್ಲದೆ ಬಂದ ಹೆಂಗಸರಿಗೆ ಉತ್ತು ಬಿತ್ತಲು ಬಿಟ್ಟು, ತಾನು ಕೂಲಿ ಮಾಡಿ ಬದುಕಿದಳು.

ಇಂದಿಗೂ ಆ ಹೊಲದಲ್ಲಿ ನವಣೆ, ಹುರುಳಿ ಬೆಳೆಯುತ್ತದೆ. ನಟ್ಟನಡುವೆ ಮಗುವೊಂದು ಮಲಗುವಷ್ಟು ಜಾಗ ಮಾತ್ರ ಹಾಗೇ ಉಳಿದಿದೆ. ಉಳುವವರು ಯಾರೇ ಇರಲಿ, ಅಲ್ಲಿಗೆ ಬಂದಾಗ ನೇಗಿಲು ಎತ್ತಿ, ಸುತ್ತು ಹಾಕಿ ಹೋಗುತ್ತಾರೆ.