ಮೊದಲ ಸಾಲಿನಲ್ಲಿ ಗುರುವಿನ ಹೆಸರು

ಹೊಳೆದಂಡೆಯ ಆಶ್ರಮದಲ್ಲಿ ಒಂಬತ್ತು ವರ್ಷ ಬೆಳಗಿನ ಗಂಟೆಯ ಹಗ್ಗ ಎಳೆದವನು ನಿಜಗುಣ. ಅಂಗೈಯಲ್ಲಿ ಇನ್ನೂ ಜಡ್ಡು ಇತ್ತು.

ಈಗ ಗಂಟೆ ಹೊಡೆಯುವುದು ಕಂಪ್ಯೂಟರ್. ಅದು ಏನು ಮಾಡಬೇಕೆಂದು ಸ್ಕ್ರಿಪ್ಟ್ ಬರೆದಿಟ್ಟವನು ಮಾದೇಶ. ಅವನು ಬಂದು ಮೂರು ತಿಂಗಳು.

ದಿನಾ ಗಂಟೆ ಕೇಳಿದಾಗ ನಿಜಗುಣನ ಹೊಟ್ಟೆ ಉರಿಯುತ್ತಿತ್ತು.

"ನಾನೂ ಬರೀತೀನಿ ಬುದ್ಧಿ," ಅಂದ ಗುರುಗಳಿಗೆ.

"ಬರಿ. ನಾಳೆ ನಿನ್ನದು ಹೊಡೆದರೆ ಗಂಟೆ ಮತ್ತೆ ನಿನ್ನದು."

ನಿಜಗುಣ ಮಾದೇಶನ ಬರಹ ತೆಗೆದು ನೋಡಿದ. ಮೊದಲ ಸಾಲಿನಲ್ಲಿ #! ಎಂಬ ಎರಡು ಗುರುತು. ಪಕ್ಕದಲ್ಲಿ ಪೈಥಾನ್ ಎಂಬ ಹೆಸರು.

ನಗು ಬಂತು. ಗುರುವಿನ ಅನ್ನ ತಿಂದು ಹೆಬ್ಬಾವಿಗೆ ಕೈಮುಗಿದಿದ್ದಾನೆ!

ತಾನೂ ಅದನ್ನೇ ನೋಡಿಕೊಂಡು, ಆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲೇ, ಅಕ್ಷರ ತಪ್ಪದೆ ಬರೆದ. ಆ ಹಾವಿನ ಸಾಲನ್ನು ಮಾತ್ರ ಕೆಳಗೆ ತಳ್ಳಿದ. ಕಾಗದದ ತಲೆಯಲ್ಲಿ ಶ್ರೀಕಾರ ಹಾಕುವ ಹಾಗೆ, ಎಲ್ಲಕ್ಕಿಂತ ಮೇಲೆ ಗುರುಗಳ ಹೆಸರು ಹಾಕಿದ.

ಮರುದಿನ ಬೆಳಕು ಹರಿಯಿತು. ಗಂಟೆ ಹೊಡೆಯಲಿಲ್ಲ. ಪರದೆಯ ತುಂಬ ತಪ್ಪು, ತಪ್ಪು, ತಪ್ಪು.

"ಅಣ್ಣಾ, ಆ ಸಾಲು ಮೇಲೇ ಇರಬೇಕು," ಅಂದ ಮಾದೇಶ.

"ನೀನು ಸುಮ್ಮನಿರಪ್ಪಾ, ಹಾವಾಡಿಗ."

"ಯಂತ್ರ ಮೊದಲ ಸಾಲಿನಲ್ಲೇ ಆ ಎರಡು ಗುರುತು ಹುಡುಕುತ್ತೆ ಅಣ್ಣಾ. ಇದ್ದರೆ, ಅಲ್ಲಿ ಯಾರ ಹೆಸರಿದೆಯೋ ಅವನನ್ನು ಕರೆದು ಓದಿಸುತ್ತೆ. ಇಲ್ಲದಿದ್ದರೆ ಬಾಗಿಲಲ್ಲಿ ನಿಂತಿರೋ ಶೆಲ್ ಅನ್ನೋ ಕಾವಲುಗಾರನ ಕೈಗೆ ಕೊಡುತ್ತೆ. ಅವನಿಗೆ ಗೊತ್ತಿರೋದು ಅವನ ಭಾಷೆ ಒಂದೇ, ಪೈಥಾನ್ ಓದೋಕೆ ಬರಲ್ಲ."

ನಿಜಗುಣ ಗುರುಗಳ ಕಡೆ ತಿರುಗಿದ.

"ಅವನು ಹಾವಿನ ಹೆಸರು ಬರೆದ, ಗಂಟೆ ಹೊಡೀತು. ನಾನು ನಿಮ್ಮ ಹೆಸರು ಬರೆದೆ ಬುದ್ಧಿ. ಒಂಬತ್ತು ವರ್ಷ ಹಗ್ಗ ಎಳೆದಿದ್ದೀನಿ. ನಿಮ್ಮ ಹೆಸರಿಗೆ ಅಲ್ಲಿ ಬೆಲೆ ಇಲ್ಲವಾ?"

ಗುರುಗಳು ಅವನ ಬರಹವನ್ನು ಕಾಗದದ ಮೇಲೆ ಅಚ್ಚು ಹಾಕಿಸಿದರು. ಕನ್ನಡಕ ಏರಿಸಿದರು.

ಮೊದಲ ಸಾಲು, ತಮ್ಮದೇ ಹೆಸರು, ಗಟ್ಟಿಯಾಗಿ ಓದಿದರು. ಎರಡನೆಯ ಸಾಲಿಗೆ ಬಂದು ನಿಂತರು. ಬೆರಳಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು.

ಆಮೇಲೆ ಕಾಗದವನ್ನು ಅವನ ಜಡ್ಡುಗಟ್ಟಿದ ಅಂಗೈಯಲ್ಲಿಟ್ಟರು.

"ಓದೋಕೆ ನನ್ನ ಹೆಸರು ಕರೆದೆಯಲ್ಲಪ್ಪಾ, ಬಂದೆ. ನನಗೆ ಇದನ್ನು ಓದೋಕೆ ಬರಲ್ಲ."